ಅಪ್‌ಡೇಟ್: ಮಗನ 30 ಪೌಂಡಿನ ಬಿಲ್ಲು ಸದ್ಯಕ್ಕೆ ಅಟ್ಟ ಸೇರಿದೆ

ಹನ್ನೆರಡು ವರ್ಷದ ಮಗನಿಗೆ 30 ಪೌಂಡ್ ಎಳೆತದ (ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕಾದ) ಮರದ ಬಿಲ್ಲು ಕೊಡಿಸಿ, ಬಾಣಗಳೇಕೆ ಚದುರುತ್ತಿವೆ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಆ ಬಿಲ್ಲಿನ ಎಳೆತವೇ ಅವನಿಗೆ ಭಾರವೆಂದು ಹೆಚ್ಚಿನವರು ಹೇಳಿದಿರಿ. ಕೊಟ್ಟ ಹಣ ನೆನೆದು ಆ ಮಾತು ನನಗೆ ರುಚಿಸಿರಲಿಲ್ಲ. ಚಿತ್ರದುರ್ಗದ ಗಾಳಿಯನ್ನೇ ದೂರುತ್ತಿದ್ದೆ. ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ ಊರಾದರೂ 8 ಮೀಟರ್ ದೂರಕ್ಕೆ ಆ ನೆಪ ನಡೆಯದು.

ಈಗ 16 ಪೌಂಡಿನ ಬಿಲ್ಲು ತಂದಿದ್ದೇವೆ. ಬಿಲ್ಲಿನ ಮೇಲಿನ ಅಂಕಿ ಸಾಮಾನ್ಯವಾಗಿ 28 ಅಂಗುಲ ಎಳೆದಾಗಿನ ಭಾರ. ಮಗನ ಎಳೆತ 23 ಅಂಗುಲವಷ್ಟೇ ಆದ್ದರಿಂದ, ಹೆದೆಗೆ ಕೊಕ್ಕೆಯ ತೂಕದ ಯಂತ್ರ ಸಿಕ್ಕಿಸಿ ಅಳೆದಾಗ ಸುಮಾರು 12 ಪೌಂಡ್ ಬಂತು. ಹಳೆಯ ಬಿಲ್ಲನ್ನೆಳೆಯುವಾಗ ಅವನ ಎಡಭುಜ ಕಿವಿಯವರೆಗೆ ಏರುತ್ತಿತ್ತು, ಸೊಂಟ ಹಿಂದಕ್ಕೆ ಬಾಗುತ್ತಿತ್ತು, ತೋರುಬೆರಳು ಬಾಯಿಯ ಮೂಲೆಯನ್ನು ಮುಟ್ಟುವ ಮೊದಲೇ ಹೆದೆ ಜಾರುತ್ತಿತ್ತು. ಈಗ ಬೆರಳನ್ನು ಅಲ್ಲಿ ತಾಗಿಸಿ, ಬೆನ್ನಿನ ಸ್ನಾಯುಗಳಿಂದ ಎಳೆದು ಮೂರು ಎಣಿಸುವವರೆಗೆ ನಿಲ್ಲಬಲ್ಲ.

ಮುಂಗೈಯ ಒಳಬದಿಯಲ್ಲಿ ಹೆದೆ ಬಡಿದು ಏಳುತ್ತಿದ್ದ ಕೆಂಪು ಬಾಸುಂಡೆಯೂ ಮಾಯವಾಗಿದೆ. ತೋಳುಪಟ್ಟಿಗಿಂತ ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದ್ದೇ ಹೆಚ್ಚು ಫಲ ಕೊಟ್ಟಿತೆಂದು ನನ್ನೆಣಿಕೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಸೀಳಬಹುದೆಂಬ ನಿಮ್ಮ ಎಚ್ಚರಿಕೆಯನ್ನು ಮನೆಗೆ ಬಂದ ನೆಂಟರಿಗೂ ಹೇಳುತ್ತಿದ್ದೇನೆ. ದಿನದ ಕೊನೆಯ ಬಾಣವೂ ಮೊದಲನೆಯದರಷ್ಟೇ ನೆಟ್ಟಗೆ ಹೋಗುವವರೆಗೆ ಭಾರ ಹೆಚ್ಚಿಸುವುದಿಲ್ಲ. ಹೆಚ್ಚಿಸಿದರೂ ಒಮ್ಮೆಗೆ ಎರಡೇ ಪೌಂಡ್.