ಪದಚರ್ಚೆ: ‘ಮಾಡರ್ನ್ ಸ್ಲೇವರಿ’ಗೆ ಗೋಡೌನಿನ ಗೋಡೆ ಮೇಲೆ ಏನಂತ ಬರೆಯೋಣ?

ಬಲ್ಲವರಲ್ಲಿ ಒಂದು ಕೇಳಿಕೆ.

ಶಿವಮೊಗ್ಗದಲ್ಲಿ ಮನೆ ಸಾಮಾನು ಸಾಗಿಸುವ ಒಂದು ಕಂಪನಿಗೆ ಬ್ರಿಟನ್ನಿನ ಸಂಸ್ಥೆಯೊಂದರಿಂದ ಬಂದ ನೀತಿಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮಾಡರ್ನ್ ಸ್ಲೇವರಿ’ ಅಂದರೆ ಹೆದರಿಸಿಯೋ ಸಾಲದಲ್ಲಿ ಸಿಕ್ಕಿಸಿಯೋ, ಬಿಟ್ಟು ಹೋಗಲಾಗದಂತೆ ಮಾಡಿ ದುಡಿಸಿಕೊಳ್ಳುವುದು. ಅಲ್ಲಿ 2015ರಲ್ಲಿ ಅದರ ವಿರುದ್ಧ ಮಾಡರ್ನ್ ಸ್ಲೇವರಿ ಕಾಯ್ದೆ ಬಂತು. ಅದರ 54ನೇ ಕಲಮಿನ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟಿರುವ ಕಂಪನಿಗಳು, ತಮ್ಮಲ್ಲೂ ತಮಗೆ ಸರಕು ಸೇವೆ ಒದಗಿಸುವವರಲ್ಲೂ ಇಂಥ ದುಡಿಮೆ ನಡೆಯದಂತೆ ಏನು ಮಾಡಿದ್ದೇವೆ ಅಂತ ಪ್ರತಿ ವರ್ಷ ಬರೆದು ಪ್ರಕಟಿಸಬೇಕು. ಹಾಗಾಗಿ ಆ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟಿ ಇಲ್ಲಿನ ಹಮಾಲಿಗಳವರೆಗೆ ಬಂದಿದೆ. ಗೋಡೌನಿನಲ್ಲಿ ಅಂಟಿಸಲು ಒಂದು ಪುಟದ ನೋಟೀಸು ಬೇಕು.

‘ಆಧುನಿಕ ಗುಲಾಮಗಿರಿ’ ಅನ್ನುವ ಪದ ಪೇಪರಿನಲ್ಲಿ ನಡೆಯುತ್ತದೆ, ಗೋಡೌನಿನಲ್ಲಿ ನಡೆಯುವುದಿಲ್ಲ. ಕರಡು ಓದಿದ ಲೋಡಿಂಗ್ ಹುಡುಗ, “ಇದು ನಮಗಲ್ಲ ಬಿಡಿ ಸಾರ್” ಅಂದು ಬೀರುವಿಗೆ ಕಂಬಳಿ ಸುತ್ತಿ ಹಗ್ಗ ಬಿಗಿಯೋದಕ್ಕೆ ಹೋದ. ಬೇರೆ ಕೆಲಸ ಸಿಕ್ಕರೆ ಹೋಗಬಹುದಾ ಅಂತ ಆಮೇಲೆ ಕೇಳಿದೆ. “ಬಾಕಿ ಐತಲ್ಲ ಸಾರ್, ಹೆಂಗೆ ಹೋಗೋದು? ಆಧಾರ್ ಕಾರ್ಡೂ ಮೇಸ್ತ್ರಿ ಹತ್ರಾನೇ ಐತೆ.” ಆಳು ತರುವ ಮೇಸ್ತ್ರಿಯ ಉದ್ದ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ತಂಗಿಯ ಮದುವೆಗೆ ತಂದ ಅಡ್ವಾನ್ಸು, ಆಮೇಲೆ ಊಟದ್ದು, ರೂಮಿನದ್ದು, ಒಡೆದ ಟಿವಿಯದ್ದು, ಎಲ್ಲ ಸೇರಿಕೊಂಡು ಹೋಗಿವೆ. ಬಲವಂತದ ದುಡಿಮೆಯನ್ನು ಗುರುತಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೊಟ್ಟಿರುವ 11 ಲಕ್ಷಣಗಳಲ್ಲಿ ಗುರುತಿನ ಚೀಟಿ ಇಟ್ಟುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದಲ್ಲಿ ಸಿಕ್ಕಿಸುವುದು ಮೂರೂ ಇವೆ. ಕಂಪನಿಯವರಿಗೆ ಹೇಳಿದ ಮೇಲೆ ಕಾರ್ಡು ಅವನ ಕೈಗೆ ಬಂತು. ಬಾಕಿಯ ಮಾತು ಇನ್ನೂ ಮುಗಿದಿಲ್ಲ. ನೋಟೀಸು ಅವನಿಗಾಗಿಯೇ ಇರುವುದು, ಅವನಿಗೇ ಅದು ತನ್ನದು ಅನ್ನಿಸಲಿಲ್ಲ ಅನ್ನುವುದು ನನ್ನ ಸಂಕಟ.

‘ಜೀತ’ ಅನ್ನಬಹುದು. ಕಾನೂನಿನ ಬಲ ಅದಕ್ಕಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ದೇಶದ ಬೇರೆ ಬೇರೆ ಕಡೆಯ ಹೆಸರುಗಳನ್ನು ಪಟ್ಟಿ ಮಾಡುವಾಗ ಪಾಲೇರು, ವೆಟ್ಟಿಗಳ ಜೊತೆ ಜೀತವನ್ನೂ ಹೆಸರಿಸಿದೆ. ಪದದ ಮೂಲ ‘ಜೀವಿತ’, ಅಂದರೆ ಬದುಕಿಗೆ ಆಧಾರವಾದದ್ದು, ಸಂಬಳ. ತೆಲುಗಿನಲ್ಲಿ ಈಗಲೂ ‘ಜೀತಂ’ ಅಂದರೆ ತಿಂಗಳ ಸಂಬಳ. ಕನ್ನಡದಲ್ಲಿ ಅದು ಸಂಬಳವಿಲ್ಲದ ದುಡಿಮೆಯ ಹೆಸರಾಯಿತು. ತೊಡಕು ಇರುವುದು ಬಳಕೆಯಲ್ಲಿ. ‘ಜೀತಕ್ಕೆ ಇಟ್ಟರು’ ಅಂದರೆ ಮಲೆನಾಡಿನವರ ಕಣ್ಣೆದುರು ಬರುವುದು ಅಜ್ಜನ ಕಾಲದ ಒಡೆಯರ ಮನೆ, ಕೊಟ್ಟಿಗೆ, ತೋಟ. ಲಾರಿ, ಕಾರ್ಟನ್ ಬಾಕ್ಸು ಬರುವುದಿಲ್ಲ. ಇನ್ನೊಂದು ಕಡೆ, “ಆಫೀಸಲ್ಲಿ ಜೀತ ಮಾಡ್ತಿದೀನಿ” ಅಂತ ಏಸಿ ರೂಮಿನವರೂ ಅನ್ನುತ್ತಾರೆ.

‘ಬಿಟ್ಟಿ’ಯ ಕಥೆ ಇನ್ನೂ ನೋವಿನದು. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಪದ, ಒತ್ತಾಯದಿಂದ ಕೂಲಿ ಕೊಡದೆ ಮಾಡಿಸುವ ಕೆಲಸ ಅಂತ ಅರ್ಥ. (ಹೊಯ್ಸಳ ಬಿಟ್ಟಿದೇವನ ಬಿಟ್ಟಿ ಬೇರೆ, ಅದು ವಿಷ್ಣುವಿನ ತದ್ಭವ.) ಈಗ ‘ಬಿಟ್ಟಿ ಊಟ’, ‘ಬಿಟ್ಟಿ ಸಿಕ್ಕಿತು’. ಕೂಲಿಯಿಲ್ಲದೆ ದುಡಿದವನ ಹೆಸರು ದುಡಿಯದೆ ಉಂಡವನಿಗೆ ಹೋಯಿತು. ‘ಬಿಟ್ಟಿ ಚಾಕರಿ’ ಅಂತ ಜೋಡಿಸಿ ಬರೆದರೆ ಹಳೆಯ ಅರ್ಥ ಉಳಿಯುತ್ತದೆ ಅನ್ನಿಸುತ್ತದೆ. ಆದರೆ ಇಲ್ಲಿ ಕೂಲಿ ಪೂರ್ತಿ ಇಲ್ಲವೆಂದಲ್ಲ, ಹಿಡಿದುಕೊಂಡಿದ್ದಾರೆ.

‘ಬಲವಂತದ ದುಡಿಮೆ’ ಅಂದರೆ ಹೊಡೆದು ಬಡಿದು ಮಾಡಿಸುವುದು ಅಂತಲೇ ಕೇಳಿಸುತ್ತದೆ. ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯನ್ನು ವಿವರಿಸುತ್ತ ಸುಪ್ರೀಂ ಕೋರ್ಟು 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದ) ಕಾರ್ಮಿಕರ ಪ್ರಕರಣದಲ್ಲಿ, ಹಸಿವು ಬಡತನಗಳ ಒತ್ತಡಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಅಂದಿತು. ಆ ಹರವು ನಮ್ಮ ‘ಬಲವಂತ’ಕ್ಕೆ ಇನ್ನೂ ಬಂದಿಲ್ಲ.

ಉಳಿದದ್ದು ಆ ಹುಡುಗನೇ ಹೇಳಿದ ‘ಬಾಕಿ’. ಈ ಪದಕ್ಕೆ ಎರಡು ಮುಖ. ಅವನು ಮೇಸ್ತ್ರಿಗೆ ಕೊಡಬೇಕಾದ್ದೂ ಬಾಕಿ, ಕಂಪನಿ ಅವನಿಗೆ ಕೊಡಬೇಕಾದ್ದೂ ಬಾಕಿ. ‘ಬಾಕಿ ಇಟ್ಟುಕೊಳ್ಳಬಾರದು’ ಅಂತ ಬರೆದರೆ, ತನಗೇ ಎಚ್ಚರಿಕೆ ಕೊಟ್ಟರು ಅಂದುಕೊಂಡು ಅವನು ಇನ್ನಷ್ಟು ಹೆದರುತ್ತಾನೆ. ಅಸಲಿಗೆ 1976ರ ಕಾಯ್ದೆಯಲ್ಲಿ ಜೀತದ ಸಾಲ ತಾನಾಗಿಯೇ ವಜಾ, ಮತ್ತೆ ವಸೂಲು ಮಾಡಿದರೆ ಅಪರಾಧ. ಅದು ಜೀತದ ಸಾಲ ಅಲ್ಲ ಅಂತ ತೋರಿಸುವ ಹೊಣೆಯೂ ಸಾಲ ಕೊಟ್ಟವನದು.

‘ಸಪ್ಲೈ ಚೈನ್’ಗೂ ಪದ ಬೇಕು. ‘ಪೂರೈಕೆ ಸರಪಳಿ’ ಬೇರೆ ಕಡೆ ಸರಿ. ಗುಲಾಮಗಿರಿಯ ಪಕ್ಕದಲ್ಲೇ ಬಂದರೆ ಓದುವವರಿಗೆ ಕಾಲಿನ ಸರಪಳಿ ಕಾಣುತ್ತದೆ. ‘ಜಾಲ’ ಅಂದರೆ ಕಳ್ಳಸಾಗಣೆ ಜಾಲ. ನಮ್ಮದೇ ‘ಸಾಗಣೆ’ ಕಂಪನಿ ಬೇರೆ, ‘ಮಾನವ ಕಳ್ಳಸಾಗಣೆ’ ಅದೇ ಪುಟದಲ್ಲಿ! ಹಾಗಾಗಿ ಹೆಸರು ಹಿಡಿದೇ ಬರೆಯೋಣ ಅಂತಿದ್ದೇನೆ: ಲಾರಿ ಮಾಲೀಕರು, ಡ್ರೈವರ್, ಕ್ಲೀನರ್, ಆಳು ತರುವ ಮೇಸ್ತ್ರಿ, ಬಾಕ್ಸು ಮಾಡುವವರು, ಮರದ ಪೆಟ್ಟಿಗೆ ಕೊಡುವ ಸಾಮಿಲ್ಲು. ‘ಜೀರೋ ಟಾಲರೆನ್ಸ್’ಗೆ ‘ಶೂನ್ಯ ಸಹಿಷ್ಣುತೆ’ ಬೇಡವೇ ಬೇಡ, ‘ನಾವು ಬಿಡುವುದಿಲ್ಲ’ ಸಾಕು.

ಸದ್ಯದ ಕರಡು ಹೀಗಿದೆ:

“ಅಡ್ವಾನ್ಸು ತೀರುವವರೆಗೆ ಕೆಲಸ ಬಿಡಬಾರದು ಅಂತ ನಿಮ್ಮನ್ನು ಯಾರೂ ತಡೆಯುವ ಹಾಗಿಲ್ಲ. ನಿಮ್ಮ ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡು ನಿಮ್ಮ ಕೈಯಲ್ಲೇ ಇರಬೇಕು. ದುಡಿದ ಸಂಬಳ ಮೇಸ್ತ್ರಿಗಲ್ಲ, ನಿಮಗೇ ಬರಬೇಕು. ಅಡ್ವಾನ್ಸಿನ ನೆಪದಲ್ಲಿ ಇದನ್ನು ಮೀರಿದರೆ ಅದು ಜೀತ. ಜೀತ ಮಾಡಿಸುವುದು ಅಪರಾಧ. ಡಿ.ಸಿ. ಕಚೇರಿಗೆ, ಇಲ್ಲವೇ ಶಿವಮೊಗ್ಗ ಅಥವಾ ಸಾಗರದ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ದೂರು ಕೊಡಿ.”

ಮೊದಲು ಆಗುವುದನ್ನು ಹೇಳಿ, ಜೀತ ಅನ್ನುವ ಹೆಸರು ಆಮೇಲೆ ಇಟ್ಟಿದ್ದೇನೆ. ಇದು ಸರಿಯೇ? ಕೊಡಬೇಕಾದ ಬಾಕಿಗೂ ಬರಬೇಕಾದ ಬಾಕಿಗೂ ಬೇರೆ ಬೇರೆ ಪದ ಯಾರಾದರೂ ಆಡುತ್ತೀರಾ? ಅಡ್ವಾನ್ಸಿಗೆ ಸಿಕ್ಕಿ ಹೋಗಲಾರದೆ ಉಳಿದವರನ್ನು ತೀರ್ಥಹಳ್ಳಿ, ಹೊಸನಗರ, ಕೊಪ್ಪದ ತೋಟಗಳ ಕಡೆ ಏನನ್ನುತ್ತಾರೆ? ಬಲ್ಲವರು ಬರೀ ಪದ ಕೊಡದೆ, ಅದನ್ನು ಆಡುವ ವಾಕ್ಯವನ್ನೂ ಬರೆಯಿರಿ.