6 ವೋಲ್ಟ್ ಬ್ಯಾಟರಿಗೆ 12 ವೋಲ್ಟ್ ಚಾರ್ಜರ್: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಅಪ್ಪನ ಹಳೇ ಜಾವಾ ಬೈಕ್ ಮತ್ತೆ ರಸ್ತೆಗೆ ಇಳಿಸ್ತಿದ್ದೀನಿ. ಬ್ಯಾಟರಿ 6 ವೋಲ್ಟ್, 12 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ). ಗಾಡಿ ನಿಂತೇ ಇದ್ದು ಬ್ಯಾಟರಿ ಇಳಿದುಹೋಗಿದೆ. ಮನೆಯಲ್ಲಿರೋದು ಕಾರಿನ 12 ವೋಲ್ಟ್ ಚಾರ್ಜರ್ ಮಾತ್ರ. ‘ಹತ್ತು ನಿಮಿಷ ಹಾಕಿ ತೆಗೀರಿ, ಏನೂ ಆಗಲ್ಲ’ ಅಂತಾರೆ ಗ್ಯಾರೇಜಿನವರು. ಹಾಕಬಹುದಾ?

ಮೈಸೂರಿನಿಂದ: ದಯವಿಟ್ಟು ನೇರವಾಗಿ ಹಾಕಬೇಡಿ. ಜಾವಾ, ಯೆಜ್ಡಿ ತಯಾರಾದ ಊರು ನಮ್ಮದು. ಫ್ಯಾಕ್ಟರಿ 1996ರಲ್ಲಿ ಮುಚ್ಚಿದರೂ ಈ ಪ್ರಶ್ನೆ ಇಲ್ಲಿ ಇನ್ನೂ ಕೇಳಿಬರುತ್ತೆ. ನಿಮ್ಮ ಬ್ಯಾಟರಿಯಲ್ಲಿರೋದು ಮೂರೇ ಸೆಲ್, ಅಂದರೆ ತಲಾ 2 ವೋಲ್ಟಿನ ಮೂರು ಖಾನೆ. ಸೆಲ್ಲಿಗೆ 2.4ರಂತೆ 7.2 ವೋಲ್ಟ್ ಬಂದರೆ ಸಾಕು. ಕಾರಿನ ಚಾರ್ಜರ್ 14ರವರೆಗೂ ತಳ್ಳುತ್ತೆ. ಆ್ಯಸಿಡ್ ಕುದಿಯುತ್ತೆ, ಪ್ಲೇಟ್ ಸೊಟ್ಟಗಾಗುತ್ತೆ, ಹೈಡ್ರೋಜನ್ ತುಂಬಿಕೊಂಡು ಒಂದು ಕಿಡಿ ತಗುಲಿದರೂ ಸಿಡಿಯುತ್ತೆ.

ಬೇರೆ ದಾರಿಯೇ ಇಲ್ಲದಿದ್ದರೆ ಚಾರ್ಜರಿನ ಪ್ಲಸ್ ವೈರಿಗೂ ಬ್ಯಾಟರಿಯ ಪ್ಲಸ್ಸಿಗೂ ನಡುವೆ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹೋಲ್ಡರ್ ಸಮೇತ ಸೇರಿಸಿ. ಹೆಚ್ಚುವರಿ ವೋಲ್ಟೇಜನ್ನ ಬಲ್ಬ್ ತಿನ್ನುತ್ತೆ. ಕರೆಂಟ್ ಸುಮಾರು 1.3 ಆಂಪ್ಸ್‌ಗೆ ನಿಲ್ಲುತ್ತೆ. ಚಾರ್ಜಿಂಗ್ ಕರೆಂಟ್ ಎಎಚ್‌ನ ಹತ್ತನೇ ಒಂದು ಭಾಗದಷ್ಟಿದ್ದರೆ ಸಾಕು; 12 ಎಎಚ್‌ಗೆ ಅದು 1.2, ಹತ್ತಿರ ಹತ್ತಿರ ಸರಿಹೋಯ್ತು. 4 ಎಎಚ್‌ನ ಚಿಕ್ಕ ಬ್ಯಾಟರಿ ಆಗಿದ್ದರೆ 5 ವ್ಯಾಟಿನ ಬಲ್ಬ್ ಹಾಕಬೇಕು.

ಒಂದು ವಿಷಯ ಮರೀಬೇಡಿ: ಬ್ಯಾಟರಿ ತುಂಬಿದ ಮೇಲೂ ಬಲ್ಬ್ ಉರೀತಾನೇ ಇರುತ್ತೆ, ತಾನಾಗಿ ಯಾವುದೂ ನಿಲ್ಲಲ್ಲ. ಅರ್ಧ ಗಂಟೆಗೊಮ್ಮೆ ವೋಲ್ಟೇಜ್ ಅಳೆಯೋ ಮೀಟರನ್ನ ಬ್ಯಾಟರಿ ಟರ್ಮಿನಲ್ಲಿಗೇ ಇಟ್ಟು ನೋಡಿ, 7.2 ಬಂದ ಕೂಡಲೇ ಆಫ್ ಮಾಡಿ. ರಾತ್ರಿಯೆಲ್ಲ ಬಿಟ್ಟು ಮಲಗೋ ಕೆಲಸ ಅಲ್ಲ ಇದು. ಇದೆಲ್ಲ ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ಮಾತ್ರ. ಆಟೋಮ್ಯಾಟಿಕ್ ಚಾರ್ಜರಿಗೆ ಈ ಉಪಾಯ ಬೇಡವೇ ಬೇಡ.

ಧಾರವಾಡದಿಂದ: ನಮ್ಮ ಕಡೆ ಎರಡು 6 ವೋಲ್ಟಿನ ಬ್ಯಾಟರಿ ಸೀರೀಸ್ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಜೋಡಿಸಿ 12ರ ಚಾರ್ಜರಿಗೆ ಹಚ್ತಾರ್ರಿ. ಲೆಕ್ಕ ಸರಿ ಐತಿ. ಆದ್ರ ಎರಡೂ ಒಂದ ಎಎಚ್, ಒಂದ ವಯಸ್ಸಿನವು ಇರಬೇಕು. ಒಂದು ಅರ್ಧ ತುಂಬಿ ಇನ್ನೊಂದು ಖಾಲಿ ಇತ್ತಂದ್ರ, ಅರ್ಧ ತುಂಬಿದ್ದು ಮೊದಲ ಫುಲ್ ಆಗಿ ಕುದಿಯಾಕ ಹತ್ತತೈತಿ. ಚಾರ್ಜರಿಗೆ ಒಟ್ಟು ವೋಲ್ಟೇಜ್ ಅಷ್ಟ ಗೊತ್ತಾಗತೈತಿ. ಅದಕ್ಕ ಎರಡನ್ನೂ ಬ್ಯಾರೆ ಬ್ಯಾರೆ ಅಳೀರಿ.

ಮಂಗಳೂರಿನಿಂದ: ಮೊಬೈಲ್ ರಿಪೇರಿ ಅಂಗಡಿಯಲ್ಲಿ ಡಿಸಿ ಸಪ್ಲೈ ಇರ್ತದೆ, ವೋಲ್ಟೇಜ್, ಕರೆಂಟ್ ಬೇಕಾದಷ್ಟಕ್ಕೆ ಸೆಟ್ ಮಾಡುವ ಯಂತ್ರ. ಪರಿಚಯದವರಿದ್ದರೆ 7.2 ವೋಲ್ಟ್, 1.2 ಆಂಪ್ಸ್‌ಗೆ ಸೆಟ್ ಮಾಡಿಸಿಕೊಳ್ಳಿ; ನನ್ನ ಮಟ್ಟಿಗೆ ಬಲ್ಬಿಗಿಂತ ಇದೇ ಒಳ್ಳೆಯದು. ಹೇಗೇ ಮಾಡಿದರೂ ಬ್ಯಾಟರಿಯನ್ನು ಗಾಡಿಯಿಂದ ಇಳಿಸಿ, ಗಾಳಿಯಾಡುವ ಕಡೆ ಇಟ್ಟು, ಮುಚ್ಚಳ ಸಡಿಲಿಸಿ, ಕನ್ನಡಕ ಹಾಕಿಕೊಳ್ಳಿ. ಮೊದಲು ಕ್ಲಿಪ್, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್. ಪ್ಲೇಟ್ ಒಣಗಿದ್ದರೆ ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಬಲ್ಬ್, ಹೋಲ್ಡರ್ ತಂದಿದ್ದೀನಿ. ಈಗ ಮೀಟರ್ 5.8 ತೋರಿಸ್ತಿದೆ. ಬ್ಯಾಟರಿ ಉಳಿಯುತ್ತಾ?

ಮೈಸೂರಿನಿಂದ: ಉಳಿಯೋ ಸಾಧ್ಯತೆ ಇದೆ, ಪ್ರಯತ್ನ ಮಾಡಿ. ಚಾರ್ಜ್ ಮಾಡಿ ಒಂದು ರಾತ್ರಿ ಏನೂ ಜೋಡಿಸದೆ ಬಿಡಿ. ಬೆಳಗ್ಗೆ 6.3ರ ಆಸುಪಾಸು ಇದ್ದರೆ ಗಾಡಿಗೆ ಹಾಕಿ. 4.2ರ ಹತ್ತಿರ ಬಂದು ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ ಅಂತ ಲೆಕ್ಕ, ಹೊಸದೇ ತಗೊಳ್ಳಿ.