ಮೊಘಲ್ ಹೂವಿನ ರತ್ನಗಂಬಳಿ: ನಕ್ಷೆಯಲ್ಲಿ ಸರಿ, ಮಗ್ಗದಲ್ಲಿ ಹೂವು ಉದ್ದವಾಗುತ್ತಿದೆ

ಹಾಸುಹೊಕ್ಕು
ತಲೆ ಕೆಟ್ಟು ಹೋಗಿದೆ. ಷಹಜಹಾನ್ ಕಾಲದ ಲಾಹೋರ್ ರತ್ನಗಂಬಳಿಯ ಫೋಟೊ ನೋಡಿ ನಕ್ಷೆ ಬರೆದೆ. ಜಾಲರಿಯ ಒಂದೊಂದು ಮನೆಯೊಳಗೆ ಒಂದೊಂದು ಹೂವು. ಗ್ರಾಫ್ ಹಾಳೆಯಲ್ಲಿ ಚೆನ್ನಾಗಿ ಕೂತಿತ್ತು. ಮಗ್ಗದಲ್ಲಿ ಮಾತ್ರ ಲಿಲ್ಲಿ ಹೂವು ಬಾಳೆಯ ಮೋತೆಯ ಹಾಗೆ ಉದ್ದಕ್ಕೆ ಎದ್ದಿದೆ. ಒಂದೊಂದು ಗಂಟನ್ನೂ ಎಣಿಸಿಯೇ ಹಾಕಿದ್ದೇನೆ. ಬಿಚ್ಚುವುದಕ್ಕೆ ಮನಸ್ಸಿಲ್ಲ. ಏನು ಮಾಡಲಿ?

ಗಂಟುಗಾರ
ಟರ್ಕಿ ಗಂಟು (ಎರಡು ಎಳೆಗೂ ಸುತ್ತು ಹಾಕುವುದು) ಹಾಕಿದ್ದೀರಿ, ಅಲ್ವಾ? ಮೊಘಲರ ಕಾಲದ್ದೆಲ್ಲ ಪರ್ಷಿಯನ್ ಗಂಟು. ಅದು ಒಂದೇ ಎಳೆಗೆ ಪೂರ್ತಿ ಸುತ್ತುತ್ತದೆ, ಒಂದು ಪಕ್ಕಕ್ಕೆ ಬಾಗುತ್ತದೆ, ಎಸಳಿನ ತಿರುವು ಚೆನ್ನಾಗಿ ಬರುತ್ತದೆ. ಹಿಂಬದಿಯ ಫೋಟೊ ಹಾಕಿ.

ಹಾಸುಹೊಕ್ಕು
ಪರ್ಷಿಯನ್ ಗಂಟೇ ಸರ್.

ಗಂಟುಗಾರ
ಹಾಗಾದರೆ ಎಲ್ಲೋ ಮಧ್ಯೆ ಬದಲಾಗಿದೆ. ಹೊಸಬರಿಗೆ ಹೀಗಾಗುತ್ತದೆ. ಫೋಟೊ ಬರಲಿ.

ಕಬ್ಬಿಣದ ಮಗ್ಗ
ಗಂಟು ಬಿಡಿ, ಹಾಸು (ಮಗ್ಗಕ್ಕೆ ಬಿಗಿದ ಉದ್ದ ಎಳೆ) ಸಡಿಲ ಇದ್ದರೆ ಪಂಜಾದಲ್ಲಿ, ಅಂದರೆ ಸಾಲು ಬಡಿಯುವ ಬಾಚಣಿಗೆಯಲ್ಲಿ, ಎಷ್ಟು ಬಡಿದರೂ ಸಾಲು ಕೆಳಗೆ ಕೂರುವುದಿಲ್ಲ. ನನ್ನದು ಕಬ್ಬಿಣದ ಚೌಕಟ್ಟು, ಎರಡೂ ಕಡೆ ತಿರುಪು. ಹಾಸು ಮೀಟಿದರೆ ತಂತಿಯ ಹಾಗೆ ನಾದ ಬರಬೇಕು. ಮರದ ಮಗ್ಗ ಮಳೆಗಾಲದಲ್ಲಿ ಅಲುಗಾಡುತ್ತದೆ, ನಾನು ಅದನ್ನು ಬಿಟ್ಟೇಬಿಟ್ಟೆ.

ಅರಗಿನ ಕೆಂಪು
ನೀವು ನೋಡಿ ಬರೆದ ಫೋಟೊದಲ್ಲಿ ಹಿನ್ನೆಲೆಯ ಕೆಂಪು ಯಾವುದರಿಂದ ಬಂತು? ಲಾಹೋರ್ ಕೆಂಪು ಅರಗಿನಿಂದ (ಅರಗಿನ ಹುಳು ಕೊಡುವ ಬಣ್ಣ) ಬರಬೇಕು. ಮಂಜಿಷ್ಠದ ಬೇರು ಹಾಕಿದರೆ ಇಟ್ಟಿಗೆ ಬಣ್ಣ ಬಂದು ಹೂವೆಲ್ಲ ಮಂಕಾಗುತ್ತದೆ.

ಗಂಟುಗಾರ
ಬಣ್ಣದ ಮಾತು ಈಗ ಯಾಕೆ? ಮಂಜಿಷ್ಠವೂ ಒಳ್ಳೆಯ ಕೆಂಪೇ.

ಅರಗಿನ ಕೆಂಪು
ಒಳ್ಳೆಯದು, ಆದರೆ ಇದಕ್ಕೆ ಅಲ್ಲ. ಬಣ್ಣ ಹಿಡಿಯಲೆಂದು ಪಟಕ (ಆಲಮ್) ಹಾಕಿದ ಉಣ್ಣೆಗೆ ಅರಗು ಹಿಡಿಸಿದರೆ ತಣ್ಣನೆಯ, ಸ್ವಲ್ಪ ನೀಲಿ ಬೆರೆತ ಕೆಂಪು ಬರುತ್ತದೆ. ಬೋರ್‌ವೆಲ್ ನೀರಿನಲ್ಲಿ ಅದು ನೇರಳೆಗೆ ತಿರುಗುವ ಭಯ ಇದೆ. ಮಳೆ ನೀರು ಹಿಡಿದಿಡಿ, ಇಲ್ಲದಿದ್ದರೆ ಸ್ವಲ್ಪ ಹುಣಸೆ ರಸ ಬಿಡಿ.

ನವಲಗುಂದದ ಅಕ್ಕ
ನಮ್ಮ ಜಮಖಾನದಲ್ಲಿ ಗಂಟೇ ಇಲ್ಲ, ಅಡ್ಡ ಹಾಯುವ ಹೊಕ್ಕಿನ ನೂಲೇ ಚಿತ್ರ ಮಾಡುತ್ತದೆ. ಆದರೂ ಈ ತೊಂದರೆ ನಮಗೂ ಗೊತ್ತು. ತಂಗಿ, ಒಂದು ಇಂಚು ಅಗಲಕ್ಕೆ ಎಷ್ಟು ಗಂಟು, ಒಂದು ಇಂಚು ಎತ್ತರಕ್ಕೆ ಎಷ್ಟು ಸಾಲು? ಅದನ್ನು ನೀನು ಹೇಳಲೇ ಇಲ್ಲ.

ಹಾಸುಹೊಕ್ಕು
ಅಗಲಕ್ಕೆ 10 ಗಂಟು ಅಕ್ಕ, ಅಂದರೆ 20 ಎಳೆ ಹಾಸು. ಎತ್ತರಕ್ಕೆ ಈಗ ಅಳೆದೆ, 7 ಸಾಲು ಬರುತ್ತಿದೆ. ಪ್ರತಿ ಸಾಲಿನ ಮೇಲೆ ಎರಡು ಹೊಕ್ಕು, ದಪ್ಪ ಹತ್ತಿ ನೂಲು.

ನವಲಗುಂದದ ಅಕ್ಕ
ಅದೇ ನೋಡು. ಗ್ರಾಫ್ ಹಾಳೆಯ ಮನೆ ಚೌಕ, ನಿನ್ನ ಗಂಟು ಚೌಕ ಅಲ್ಲ. 70 ಮನೆ ಅಗಲ, 70 ಮನೆ ಎತ್ತರದ ಹೂವು ಮಗ್ಗದಲ್ಲಿ 7 ಇಂಚು ಅಗಲ, 10 ಇಂಚು ಎತ್ತರ ಆಗುತ್ತದೆ. ಹೊಕ್ಕು ಸಣ್ಣ ಮಾಡಿದರೆ ಸಾಲು ಜಾಸ್ತಿ ಕೂರುತ್ತದೆ. ಆದರೆ ಉಣ್ಣೆಯೂ ದಪ್ಪ ಇದ್ದರೆ ಅಷ್ಟು ಸಾಲದು. ನಡುವೆ ಹೊಕ್ಕು ಬದಲಿಸಿದರೆ ನೇಯ್ದದ್ದರ ಮೇಲೆ ಗೆರೆಯೂ ಕಾಣುತ್ತದೆ. ಉಳಿದ ಹೂಗಳಿಗೆ ನಕ್ಷೆಯನ್ನೇ ಬದಲಿಸು: 10 ಮನೆ ಎತ್ತರ ಇದ್ದಲ್ಲಿ 7.

ಗಂಟುಗಾರ
ಲೆಕ್ಕ ಸರಿ. ಆದರೆ ಗಂಟನ್ನೂ ಒಮ್ಮೆ ನೋಡಿಕೊಳ್ಳಿ ಎಂದೇ ಹೇಳುತ್ತೇನೆ.

ಅರಗಿನ ಕೆಂಪು
ಇನ್ನೊಂದು ಮಾತು. ಫೋಟೊದ ತುಂಡು ರೇಷ್ಮೆ ಹಾಸಿನ ಮೇಲೆ ಪಶ್ಮಿನಾ ಗಂಟಿನದಾದರೆ, ಅಂಥವುಗಳಲ್ಲಿ ಚದರ ಇಂಚಿಗೆ ಸಾವಿರ ದಾಟಿದ ಗಂಟುಗಳಿವೆ. ನಿಮ್ಮದು 70. ಅದೇ ಅಳತೆಯಲ್ಲಿ ಎಸಳಿನ ನರ, ಕೇಸರ ಎಲ್ಲ ಬರುವುದಿಲ್ಲ. ಹೂವನ್ನು ದೊಡ್ಡದು ಮಾಡಿ, ಒಳಗಿನ ಗೆರೆ ಕಡಿಮೆ ಮಾಡಿ. ಜಹಾಂಗೀರ್ 1620ರಲ್ಲಿ ಕಾಶ್ಮೀರಕ್ಕೆ ಹೋದಾಗ ಅವನ ಆಸ್ಥಾನದ ಚಿತ್ರಕಾರ ಮನ್ಸೂರ್ ಅಲ್ಲಿನ ನೂರಕ್ಕೂ ಹೆಚ್ಚು ಹೂಗಳ ಚಿತ್ರ ಬರೆದ. ಗಿಡವನ್ನು ಹಾಗೆ ಹತ್ತಿರದಿಂದ ನೋಡುವ ಕಣ್ಣೇ ಆಮೇಲೆ ರತ್ನಗಂಬಳಿಗೂ ಬಂತು. ಹೂವಿನ ಅಳತೆ ಕೆಟ್ಟರೆ ಆ ಚೆಲುವೇ ಹೋಗುತ್ತದೆ.

ಹಾಸುಹೊಕ್ಕು
ಹೂಗಳನ್ನು ಹೊಸದಾಗಿ ಬರೆಯುತ್ತೇನೆ. ಅಂಚಿಗೂ ಇದೇ ಲೆಕ್ಕವಾ ಅಕ್ಕ?

ನವಲಗುಂದದ ಅಕ್ಕ
ಹೌದು. ಎರಡು ಇಂಚಿನ ಅಂಚು ಪಕ್ಕದಲ್ಲಿ 20 ಗಂಟು, ಮೇಲೆ 14 ಸಾಲು. ಪಕ್ಕದ ಬಳ್ಳಿಯನ್ನೇ ತಿರುಗಿಸಿ ಮೇಲೆ ಹಾಕಬೇಡ, ಮೂಲೆಯಲ್ಲಿ ಸೇರುವುದಿಲ್ಲ. ಮೂಲೆಗೆ ಬೇರೆ ನಕ್ಷೆ ಬರೆ.